ಗಣಿತ ವಿದುಷಿ ಸೋಫಿಯಾ ಕೊವಲೆವ್‌ಸ್ಕಯಾ

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ವಿಶ್ವವಿದ್ಯಾನಿಲಯಗಳ ಬಾಗಿಲು ಸ್ತ್ರೀಯರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಅಂತಹ ಕಾಲದಲ್ಲಿ ಗಣಿತಶಾಸ್ತ್ರದ ಪ್ರಾಧ್ಯಾಪಕ ಪದವಿಗೇರಿದ ಧೀಮಂತೆ ಸೋಫಿಯಾ ಕೊವಲೆವ್‌ಸ್ಕಯಾ.

ಸೋಫಿಯಾ 1850ರ ಜನವರಿ 15ರಂದು ಮಾಸ್ಕೋ ನಗರದಲ್ಲಿ ಜನಿಸಿದಳು. ತಂದೆ ರಷ್ಯದ ಸೇನಾಧಿಕಾರಿ. ಅವರ ಹಳ್ಳಿಯ ಮನೆಯನ್ನು ಅಲಂಕರಿಸುವಾಗ ಬಣ್ಣದ ಕಾಗದ ಸಾಲದೆ ಹೋಗಿ, ಮಕ್ಕಳ ಕೋಣೆಯ ಗೋಡೆಗೆ ಕಲನಶಾಸ್ತ್ರದ ಉಪನ್ಯಾಸಗಳ ಹಳೆಯ ಹಾಳೆಗಳನ್ನು ಅಂಟಿಸಿದ್ದರು. ಬಾಲಕಿ ಅವುಗಳ ಮುಂದೆ ಗಂಟೆಗಟ್ಟಲೆ ನಿಂತು, ಅರ್ಥವಾಗದ ಆ ಸಂಕೇತಗಳನ್ನು ದಿಟ್ಟಿಸುತ್ತಿದ್ದಳು. ಮುಂದೆ ನೆರೆಯ ಪ್ರಾಧ್ಯಾಪಕರೊಬ್ಬರು ತಾವು ಬರೆದ ಭೌತಶಾಸ್ತ್ರದ ಗ್ರಂಥವನ್ನು ಕೊಟ್ಟಾಗ, ತ್ರಿಕೋಣಮಿತಿಯ ಪಾಠವಿಲ್ಲದೆಯೇ ಅದರ ತತ್ತ್ವವನ್ನು ತಾನಾಗಿ ಊಹಿಸಿಕೊಂಡು ಓದಿದಳು.

ರಷ್ಯದಲ್ಲಿ ಉನ್ನತ ವ್ಯಾಸಂಗಕ್ಕೆ ಅವಕಾಶವಿರಲಿಲ್ಲ. ತಂದೆಯ ಅಥವಾ ಪತಿಯ ಅನುಮತಿಯಿಲ್ಲದೆ ಪರದೇಶಕ್ಕೆ ಹೋಗುವಂತೆಯೂ ಇರಲಿಲ್ಲ. ಆದುದರಿಂದ 1868ರಲ್ಲಿ ವ್ಲಾದಿಮಿರ್ ಕೊವಲೆವ್‌ಸ್ಕಿಯನ್ನು ವಿವಾಹವಾಗಿ ಮರುವರ್ಷ ಜರ್ಮನಿಗೆ ತೆರಳಿದಳು. ಬರ್ಲಿನ್ ವಿಶ್ವವಿದ್ಯಾನಿಲಯ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಆದರೆ ಅಲ್ಲಿಯ ಮಹಾಗಣಿತಜ್ಞ ವೈಯರ್‌ಸ್ಟ್ರಾಸ್ ಆಕೆಯ ಪ್ರತಿಭೆಗೆ ಬೆರಗಾಗಿ, ನಾಲ್ಕು ವರ್ಷ ಪ್ರತ್ಯೇಕವಾಗಿ ಪಾಠ ಹೇಳಿದನು. 1874ರಲ್ಲಿ ಗಟಿಂಗೆನ್ ವಿಶ್ವವಿದ್ಯಾನಿಲಯವು ಆಕೆಗೆ ಡಾಕ್ಟರೇಟ್ ಪದವಿಯನ್ನಿತ್ತಿತು. ಸಲ್ಲಿಸಿದ ಮೂರು ಪ್ರಬಂಧಗಳಲ್ಲಿ ಒಂದು ಶನಿಗ್ರಹದ ಬಳೆಗಳ ಆಕಾರವನ್ನು ಕುರಿತದ್ದು.

ಇಷ್ಟು ವಿದ್ವತ್ತಿದ್ದರೂ ಸ್ವದೇಶದಲ್ಲಿ ದೊರೆಯಬಹುದಾಗಿದ್ದುದು ಬಾಲಕಿಯರಿಗೆ ಅಂಕಗಣಿತ ಕಲಿಸುವ ಕೆಲಸ ಮಾತ್ರ. 1883ರಲ್ಲಿ ಪತಿಯೂ ತೀರಿಕೊಂಡನು. ಎಳೆಯ ಮಗಳ ಹೊಣೆ ಹೊತ್ತಿದ್ದ ಸೋಫಿಯಾಳನ್ನು ಗಣಿತಜ್ಞ ಮಿಟ್ಟಾಗ್ ಲೆಫ್ಲರ್ ಸ್ವೀಡನ್ನಿಗೆ ಬರಮಾಡಿಕೊಂಡನು. 1884ರಲ್ಲಿ ಆಕೆ ಸ್ಟಾಕ್‌ಹೋಮಿನಲ್ಲಿ ಬೋಧನೆಗೆ ತೊಡಗಿದಳು.

ತಿರುಗುವ ಬುಗುರಿ ಮಕ್ಕಳಿಗೆ ಆಟ. ಗಣಿತಜ್ಞರಿಗೆ ಕಠಿಣ ಸಮಸ್ಯೆ. ಸ್ಥಿರಬಿಂದುವಿನ ಸುತ್ತ ತಿರುಗುವ ಘನವಸ್ತುವಿನ ಚಲನೆಯನ್ನು ಆಯ್ಲರ್ ಮತ್ತು ಲಗ್ರಾಂಜ್ ಒಂದೊಂದು ವಿಶೇಷ ಸಂದರ್ಭದಲ್ಲಿ ಮಾತ್ರ ಬಿಡಿಸಿದ್ದರು. ಗುರುತ್ವಕೇಂದ್ರವು ಸಮಮಿತಿಯ ಅಕ್ಷದಿಂದ ಸರಿದಿರುವ ಮೂರನೆಯ ಸಂದರ್ಭವೊಂದನ್ನು ಸೋಫಿಯಾ ಬಿಡಿಸಿದಳು. 1888ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಆ ಪ್ರಬಂಧಕ್ಕೆ ಬೋರ್ದಾಂ ಬಹುಮಾನವನ್ನು ನೀಡಿತು. ಸ್ಪರ್ಧೆಯ ನಿಯಮದಂತೆ ಪ್ರಬಂಧಗಳ ಮೇಲೆ ಲೇಖಕರ ಹೆಸರಿರಲಿಲ್ಲ. ಬರೆದವರು ಸ್ತ್ರೀಯೋ ಪುರುಷರೋ ಎಂಬುದನ್ನರಿಯದ ಪರೀಕ್ಷಕರು ಅದರ ಹಿರಿಮೆಯನ್ನು ಮನಗಂಡು, ಬಹುಮಾನದ ಹಣವನ್ನು 3,000 ಫ್ರಾಂಕುಗಳಿಂದ 5,000ಕ್ಕೆ ಏರಿಸಿದರು.

ಮರುವರ್ಷ ಸ್ಟಾಕ್‌ಹೋಮಿನಲ್ಲಿ ಆಕೆಯ ಪ್ರಾಧ್ಯಾಪಕ ಪದವಿ ಕಾಯಂ ಆಯಿತು. ರಷ್ಯದ ವಿಜ್ಞಾನ ಅಕಾಡೆಮಿಯೂ ಆಕೆಯನ್ನು ಸದಸ್ಯಳನ್ನಾಗಿ ಆರಿಸಿ ಗೌರವಿಸಿತು. ಆದರೆ ತಾಯ್ನಾಡಿನಲ್ಲಿ ಉದ್ಯೋಗ ಮಾತ್ರ ಕೊನೆಗೂ ದೊರೆಯಲಿಲ್ಲ. 1891ರ ಫೆಬ್ರವರಿ 10ರಂದು, ಕೇವಲ 41ನೆಯ ವಯಸ್ಸಿನಲ್ಲಿ, ಆಕೆ ನ್ಯುಮೋನಿಯಾದಿಂದ ನಿಧನಳಾದಳು. ಆಕೆ ಬಿಡಿಸಿದ ಬುಗುರಿಯ ಚಲನೆಯನ್ನು ಗಣಿತಜ್ಞರು ಇಂದಿಗೂ ಆಕೆಯ ಹೆಸರಿನಿಂದಲೇ ಕರೆಯುತ್ತಾರೆ.