ಇಂದಿನ ಧಮ್ಮ ಚಿಂತನೆ: ಸಾವಿತ್ರಿಬಾಯಿ ಹೊತ್ತು ತಂದ ಮಗು





ಮಾತೆ ಸಾವಿತ್ರಿಬಾಯಿ ಫುಲೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಶಾಲೆ, ಹೆಣ್ಣುಮಕ್ಕಳು, ಸೆಗಣಿ ಬಿದ್ದ ಸೀರೆ. ಅವರು ಹೇಗೆ ತೀರಿಕೊಂಡರು ಎಂಬುದನ್ನು ಭಾಷಣದ ಕೊನೆಗೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಇಂದು ಆ ವಾಕ್ಯದ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಕಾಯಿಲೆ ಬಿದ್ದ ಮಗುವಿನ ಮುಂದೆ ದೊಡ್ಡವರ ಹೊಣೆ ಏನು ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಿದೆ.

*ಶಾಲೆಯಲ್ಲಿ ಎದ್ದ ಪ್ರಶ್ನೆ*

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. ಒಂಬತ್ತನೇ ವಯಸ್ಸಿಗೆ ಜೋತಿರಾವ್ ಫುಲೆಯವರ ಜೊತೆ ಮದುವೆಯಾಯಿತು. ಆಗ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಗಂಡನಿಂದ ಓದು ಕಲಿತರು, ಆಮೇಲೆ ಶಿಕ್ಷಕಿಯ ತರಬೇತಿ ಪಡೆದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಮುಂದೆ ಮಹಾರ್, ಮಾಂಗ್ ಮಕ್ಕಳಿಗೂ ಶಾಲೆಗಳಾದವು. ಫಾತಿಮಾ ಶೇಖ್ ಜೊತೆಗಿದ್ದರು.

1854ರಲ್ಲಿ ಅವರ ಕವನ ಸಂಕಲನ 'ಕಾವ್ಯಫುಲೆ' ಹೊರಬಂತು. ಅದರಲ್ಲಿ ಹರಕೆಯ ಬಗ್ಗೆಯೇ ಒಂದು ಪದ್ಯವಿದೆ. ಕುಂಕುಮ ಬಳಿದ ಕಲ್ಲಿನ ಮುಂದೆ ಮಕ್ಕಳಿಗಾಗಿ ಬೇಡುವವರನ್ನು ಅದರಲ್ಲಿ ಅವರು ನೇರವಾಗಿ ಕೆಣಕುತ್ತಾರೆ. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಬಾಬಾಸಾಹೇಬರು 22 ಪ್ರತಿಜ್ಞೆಗಳನ್ನು ಕೊಡುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲಿನ ಮಾತು ಇದು.

ಮರುವರ್ಷ, 1855ರಲ್ಲಿ, ಫುಲೆ ದಂಪತಿಗಳ ಶಾಲೆಯ ಹದಿನಾಲ್ಕು ವರ್ಷದ ಹುಡುಗಿ ಮುಕ್ತಾಬಾಯಿ ಸಾಳ್ವೆ ಒಂದು ಪ್ರಬಂಧ ಬರೆದಳು. ಮಾಂಗ್ ಜಾತಿಯ ಹುಡುಗಿ. 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚು ಹಾಕಿತು. ತನ್ನ ಕೇರಿಯ ಹೆಂಗಸರು ಮೇಲೆ ಸೂರಿಲ್ಲದೆ, ಮಳೆ ಚಳಿಯಲ್ಲಿ ಹೆರುವ ಪಾಡನ್ನು ಅವಳು ಅದರಲ್ಲಿ ಹೇಳಿದಳು. ಹೆರಿಗೆಯಲ್ಲಿ ಕಾಯಿಲೆ ಬಂದರೆ ವೈದ್ಯನಿಗೆ, ಔಷಧಿಗೆ ದುಡ್ಡು ಎಲ್ಲಿಂದ ತರುವುದು ಎಂದು ಕೇಳಿದಳು. ಬಡವರಿಗೆ ಪುಕ್ಕಟೆ ಔಷಧಿ ಕೊಡುವಷ್ಟು ಮನುಷ್ಯತ್ವವಿರುವ ವೈದ್ಯ ಯಾರಾದರೂ ಇದ್ದಾರೆಯೇ ಎಂದೂ ಕೇಳಿದಳು.

ಬಂಧುಗಳೇ, ಈ ಪ್ರಶ್ನೆಯನ್ನು ಮರೆಯಬೇಡಿ. ನಮ್ಮ ಹಿರಿಯರು ಮಕ್ಕಳ ಕಾಯಿಲೆಗೆ ದೇವರ ಗುಡಿಗೆ, ಮಂತ್ರವಾದಿಯ ಹತ್ತಿರಕ್ಕೆ ಹೋದದ್ದು ಬರೀ ಮೂಢನಂಬಿಕೆಯಿಂದ ಅಲ್ಲ. ನಾಡಿ ಹಿಡಿಯಬೇಕಾದ ವೈದ್ಯ ಮೈ ಮುಟ್ಟಲಾರೆ ಎನ್ನುತ್ತಿದ್ದ. ಸಿಡುಬು ಬಂದರೆ ಕೇರಿಗೆ ಬರುತ್ತಿದ್ದವಳು ದೇವಿ ಒಬ್ಬಳೇ. ವೈದ್ಯ ಬಾರದ ಬಾಗಿಲಿಗೆ ಹರಕೆ ಬಂತು. ಬಾಗಿಲು ತೆರೆಯದೆ ಹರಕೆಯನ್ನು ಬೈದರೆ ಆ ಮಗುವಿಗೆ ಏನೂ ಸಿಗುವುದಿಲ್ಲ. ಇದು ಸಾವಿತ್ರಿಬಾಯಿಯವರಿಗೆ ಗೊತ್ತಿತ್ತು.

*ಹೆರದೆ ತಾಯಿಯಾದವರು*

1863ರಲ್ಲಿ ಫುಲೆ ದಂಪತಿಗಳು ತಮ್ಮ ಮನೆಯಲ್ಲೇ ಒಂದು ಆಶ್ರಯ ತೆರೆದರು. ಬಸಿರಾದ ವಿಧವೆಯರು ಅಲ್ಲಿಗೆ ಗುಟ್ಟಾಗಿ ಬಂದು ಹೆರಬಹುದಿತ್ತು, ಮಗುವನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಮರ್ಯಾದೆಗೆ ಹೆದರಿ ಹುಟ್ಟಿದ ಕೂಸನ್ನು ಕೊಲ್ಲುವುದು ನಿಲ್ಲಲಿ ಎಂಬುದೇ ಅದರ ಉದ್ದೇಶ. ಬಾಣಂತನ, ಎಳೆಗೂಸುಗಳ ಆರೈಕೆ ಎಲ್ಲವೂ ಸಾವಿತ್ರಿಬಾಯಿಯವರ ಪಾಲಿಗೆ ಬಂತು. ಹಾಗೆ ಬಂದವರಲ್ಲಿ ಕಾಶಿಬಾಯಿ ಎಂಬ ಬ್ರಾಹ್ಮಣ ವಿಧವೆಯೂ ಒಬ್ಬರು. ಅವರ ಮಗನನ್ನು ಫುಲೆ ದಂಪತಿಗಳು ದತ್ತು ತೆಗೆದುಕೊಂಡರು. ಆತನೇ ಯಶವಂತ.

ಈ ಮಗನನ್ನು ಅವರು ಡಾಕ್ಟರಾಗಿಸಿದರು. ಮುಕ್ತಾಬಾಯಿ ಕೇಳಿದ್ದ ಪ್ರಶ್ನೆಗೆ ಮನೆಯಿಂದಲೇ ಹೊರಟ ಉತ್ತರ ಅದು.

ಅವರ ತಾಯ್ತನ ಯಶವಂತನೊಬ್ಬನಿಗೇ ಮುಗಿಯಲಿಲ್ಲ. 1873ರ ಸೆಪ್ಟೆಂಬರ್ 24ರಂದು ಸತ್ಯಶೋಧಕ ಸಮಾಜ ಹುಟ್ಟಿತು. 1876-77ರ ಭೀಕರ ಬರದಲ್ಲಿ ಸಮಾಜದವರು ಹಸಿದ ಮಕ್ಕಳಿಗೆ ಊಟ ಹಾಕುವ ಕೇಂದ್ರಗಳನ್ನು ನಡೆಸಿದರು. ಸಾವಿತ್ರಿಬಾಯಿ ಅದರ ಹಿಂದೆ ನಿಂತು ದುಡಿದರು. 1890ರ ನವೆಂಬರ್ 28ರಂದು ಜೋತಿರಾವ್ ತೀರಿಕೊಂಡಾಗ ಬೆಂಕಿಯ ಮಡಕೆ ಹಿಡಿದು ಶವದ ಮುಂದೆ ನಡೆದವರೂ ಅವರೇ. ಆಮೇಲೆ ಸಮಾಜದ ಹೊಣೆಯನ್ನೂ ಹೊತ್ತರು.

*1897ರ ಪ್ಲೇಗ್*

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. 1897ರ ಶುರುವಿಗೆ ಪುಣೆಗೂ ಹಬ್ಬಿತು. ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಮನೆಗಳಿಗೆ ನುಗ್ಗಿ ಹುಡುಕುವುದು, ರೋಗಿಗಳನ್ನು ಎಳೆದೊಯ್ಯುವುದು ನಡೆಯಿತು. ಜನ ರೋಗಕ್ಕಿಂತ ಆಸ್ಪತ್ರೆಗೇ ಹೆಚ್ಚು ಹೆದರಿದರು. ಕಾಯಿಲೆಯವರನ್ನು ಅಡಗಿಸಿಟ್ಟರು, ದೇವರಿಗೆ ಮುಡಿಪು ಕಟ್ಟಿದರು. ಸತ್ಯಶೋಧಕರಾಗಿದ್ದ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರು ಅದೇ ಫೆಬ್ರವರಿಯಲ್ಲಿ ಪ್ಲೇಗಿಗೆ ಬಲಿಯಾದರು.

ಸಾವಿತ್ರಿಬಾಯಿಗೆ ಆಗ ಅರವತ್ತಾರು ವರ್ಷ. ಸೇನೆಯಲ್ಲಿ ವೈದ್ಯರಾಗಿದ್ದ ಯಶವಂತನನ್ನು ಕರೆಸಿಕೊಂಡರು. ಪುಣೆಯ ಹೊರಗೆ, ಹಡಪ್‌ಸರದ ಸಸಾಣೆ ತೋಟದ ಬಯಲಿನಲ್ಲಿ ದವಾಖಾನೆ ಶುರುವಾಯಿತು. ಜನ ತಾವಾಗಿ ಬರಲಿ ಎಂದು ಅವರು ಕಾಯಲಿಲ್ಲ. ಕೇರಿ ಕೇರಿಗೆ ಹೋಗಿ ರೋಗಿಗಳನ್ನು ಕರೆತಂದರು.

ಮುಂಢ್ವಾ ಊರಾಚೆಯ ಮಹಾರ್ ಕೇರಿಯಲ್ಲಿ ಗಾಯಕವಾಡ್ ಮನೆತನದ ಒಬ್ಬ ಹುಡುಗನಿಗೆ ಪ್ಲೇಗ್ ತಗುಲಿತ್ತು. ಸುದ್ದಿ ಸಿಕ್ಕ ಕೂಡಲೇ ಸಾವಿತ್ರಿಬಾಯಿ ಅಲ್ಲಿಗೆ ಹೋದರು. ಹುಡುಗನನ್ನು ಬೆನ್ನ ಮೇಲೆ ಹೊತ್ತುಕೊಂಡು ದವಾಖಾನೆಗೆ ತಂದರು. ಹುಡುಗ ಬದುಕಿಕೊಂಡ ಎನ್ನುತ್ತಾರೆ ಅವರ ಚರಿತ್ರೆ ಬರೆದವರು. ಪ್ಲೇಗ್ ಸಾವಿತ್ರಿಬಾಯಿಗೆ ತಗುಲಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.

ಆ ಹೊತ್ತಿಗೆ ವೈದ್ಯರ ಕೈಯಲ್ಲಿ ಇದ್ದದ್ದಾದರೂ ಏನು? ಪ್ಲೇಗಿನ ರೋಗಾಣುವನ್ನು ಕಂಡುಹಿಡಿದು ಮೂರು ವರ್ಷವೂ ತುಂಬಿರಲಿಲ್ಲ. ಹಾಫ್ಕಿನ್ ಅವರು ಮುಂಬೈಯಲ್ಲಿ ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡದ್ದು ಅದೇ ವರ್ಷದ ಜನವರಿಯಲ್ಲಿ. ಇಲಿಯ ಚಿಗಟದಿಂದ ರೋಗ ಹರಡುತ್ತದೆ ಎಂದು ತಿಳಿದದ್ದು 1898ರಲ್ಲಿ. ಪ್ಲೇಗನ್ನು ನಿಜಕ್ಕೂ ಗುಣಪಡಿಸುವ ಔಷಧಿ ಬಂದದ್ದು 1940ರ ದಶಕದಲ್ಲಿ. ಅಂದರೆ ಆ ದವಾಖಾನೆಯಲ್ಲಿ ಗುಣವಾಗುವ ಖಾತ್ರಿ ಇರಲಿಲ್ಲ. ಹಾಸಿಗೆ, ನೀರು, ಆರೈಕೆ, ಓದಿದ ವೈದ್ಯನ ಕಣ್ಣು, ಇಷ್ಟೇ ಇದ್ದದ್ದು. ಅಷ್ಟಕ್ಕಾಗಿ ಒಬ್ಬ ಅಜ್ಜಿ ಪರರ ಮಗುವನ್ನು ಹೊತ್ತು ನಡೆದರು.

ಇಂದು ನಮ್ಮ ಕೈಯಲ್ಲಿ ಎಷ್ಟಿದೆ! ನ್ಯುಮೋನಿಯಾಕ್ಕೆ ಔಷಧಿ ಇದೆ, ದಡಾರಕ್ಕೆ ಲಸಿಕೆ ಇದೆ, ಭೇದಿಗೆ ಓಆರ್‌ಎಸ್ ಇದೆ, ಹಾವಿನ ವಿಷಕ್ಕೆ ಪ್ರತಿವಿಷ ಇದೆ. ಇಷ್ಟೆಲ್ಲ ಇದ್ದೂ ಮಗುವನ್ನು ಮನೆಯಲ್ಲೇ ಮಲಗಿಸಿಕೊಂಡು ನಂಬಿಕೆಯನ್ನೇ ಔಷಧಿ ಎಂದು ಕೊಟ್ಟರೆ ಅದಕ್ಕೆ ಯಾವ ಹೆಸರು?

*ಧಮ್ಮ ಹೇಳುವುದೇನು*

ಭಗವಾನ್ ಬುದ್ಧರು ಕಾಯಿಲೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖುವನ್ನು ಕಂಡಾಗ ಪ್ರವಚನ ಕೊಡಲಿಲ್ಲ. ಆನಂದರಿಂದ ನೀರು ತರಿಸಿ, ಅವರೊಂದಿಗೆ ಸೇರಿ ತೊಳೆದು ಮಂಚದ ಮೇಲೆ ಮಲಗಿಸಿದರು. ರೋಗಿಯ ಸೇವೆ ತಮ್ಮ ಸೇವೆಗೆ ಸಮ ಎಂದು ಸಂಘಕ್ಕೆ ತಿಳಿಸಿದರು. ವಿನಯದಲ್ಲಿ ಔಷಧಿಗಳ ಬಗ್ಗೆಯೇ ಒಂದು ಇಡೀ ಅಧ್ಯಾಯವಿದೆ. ತಮಗೆ ಕಾಯಿಲೆ ಬಂದಾಗ ಬುದ್ಧರು ವೈದ್ಯ ಜೀವಕನ ಚಿಕಿತ್ಸೆ ಪಡೆದರು.

ಕಿಸಾಗೋತಮಿಯ ಕಥೆ ನಮಗೆಲ್ಲ ಗೊತ್ತು. ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ತಾಯಿ. ಆದರೆ ಒಂದನ್ನು ಗಮನಿಸಿ. ಗೋತಮಿಯ ಮಗು ಆಗಲೇ ತೀರಿಹೋಗಿತ್ತು. ಅನಿತ್ಯದ ಪಾಠ ಬಂದದ್ದು ಆಮೇಲೆ. ಉಸಿರಾಡುತ್ತಿರುವ ಮಗುವಿನ ತಲೆದೆಸೆಯಲ್ಲಿ ಕೂತು ಎಲ್ಲವೂ ಅನಿತ್ಯ ಎನ್ನುವುದು ಧಮ್ಮವಲ್ಲ. ಮಗುವಿಗೆ ಜೀವ ಇರುವ ತನಕ ನಮಗೆ ಬೇಕಾದವನು ಜೀವಕ.

*ನಮ್ಮ ಮನೆಗಳ ಮಾತು*

1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಆ ಭಯದ ಗುರುತಾಗಿ ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಉಳಿದಿವೆ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಆಗಿದೆ ಎಂದು ಬೇವಿನಸೊಪ್ಪು ಹಾಸಿ ಕೂರುವುದು, ಎಳೆಗೂಸಿಗೆ ಬರೆ ಹಾಕುವುದು, ಕಾಮಾಲೆಗೆ ಮಂತ್ರ ಹಾಕಿಸುವುದು, ಜ್ವರದ ಫಿಟ್ಸ್ ಬಂದರೆ ಗಾಳಿ ಸೋಕಿದೆ ಎನ್ನುವುದು ಇನ್ನೂ ನಿಂತಿಲ್ಲ.

ನಾವು ದೀಕ್ಷೆ ತೆಗೆದುಕೊಂಡವರು, ನಮಗಿದು ಅನ್ವಯಿಸುವುದಿಲ್ಲ ಎಂದುಕೊಳ್ಳಬೇಡಿ. ಮಾರಮ್ಮನ ತಾಯತ ಬಿಚ್ಚಿ ಅದೇ ಜಾಗಕ್ಕೆ ಪರಿತ್ತ ದಾರ ಕಟ್ಟಿ, ಅದೇ ನಂಬಿಕೆಯಿಂದ ಮನೆಯಲ್ಲೇ ಕೂತರೆ ಬದಲಾದದ್ದು ದಾರ ಮಾತ್ರ. ಪರಿತ್ತ ಪಠಣ ಮನೆಯವರ ಮನಸ್ಸಿಗೆ ಧೈರ್ಯ ಕೊಡುತ್ತದೆ, ಮಾಡಿ. ಆಂಬುಲೆನ್ಸ್‌ನಲ್ಲಿ ಕೂತು ಮಾಡಿ, ವಾರ್ಡಿನ ಹೊರಗೆ ಕೂತು ಮಾಡಿ.

ನಂಬಿಕೆ ದೊಡ್ಡವರದು, ಮೈ ಮಗುವಿನದು. ನನ್ನ ಕಾಯಿಲೆಗೆ ಔಷಧಿ ಬೇಡ ಎನ್ನುವ ಹಕ್ಕು ನನಗಿರಬಹುದು. ಮಾತು ಬಾರದ ಮಗುವಿನ ಪರವಾಗಿ ಹಾಗೆ ಹೇಳುವ ಹಕ್ಕು ತಂದೆಗೂ ಇಲ್ಲ, ತಾಯಿಗೂ ಇಲ್ಲ. ಕಾನೂನೂ ಇದೇ ದಿಕ್ಕಿನಲ್ಲಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ, ಮಗುವಿನ ಹೊಣೆ ಹೊತ್ತವರು ಬೇಕೆಂದೇ ಅದನ್ನು ಕಡೆಗಣಿಸಿ ನರಳಿಸುವುದು ಅಪರಾಧ. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರ ಹಾಕುವುದನ್ನು ಕರ್ನಾಟಕದ 2017ರ ಮೂಢಾಚರಣೆ ತಡೆ ಕಾಯ್ದೆ ನಿಷೇಧಿಸಿದೆ.

ಇನ್ನೊಂದು ಮಾತು. ಎಲ್ಲ ಮಾಡಿಯೂ ಮಗುವನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಬಾಬಾಸಾಹೇಬರು, ಮಾತೆ ರಮಾಬಾಯಿ ನಾಲ್ಕು ಮಕ್ಕಳನ್ನು ಕಳೆದುಕೊಂಡರು. ಅಂಥ ತಂದೆತಾಯಿಗಳ ಕಡೆ ಯಾರೂ ಬೆರಳು ತೋರಿಸಬೇಡಿ. ಮಗುವನ್ನು ಬದುಕಿಸಿಯೇ ತೀರುವುದು ಯಾರ ಕೈಯಲ್ಲೂ ಇಲ್ಲ. ಕರೆದುಕೊಂಡು ಹೋಗುವುದು ನಮ್ಮ ಕೈಯಲ್ಲಿದೆ.

*ಇಂದಿನ ಸಂಕಲ್ಪ* 🌼

▪️ ಮಗು ಹಾಲು, ನೀರು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಬೇಕು.

▪️ ಲಸಿಕೆ ಕಾರ್ಡನ್ನು ಇಂದೇ ತೆಗೆದು ನೋಡಬೇಕು. ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಬೇಕು.

▪️ ಪಕ್ಕದ ಮನೆಯಲ್ಲಿ ಮಗುವಿಗೆ ಹುಷಾರಿಲ್ಲದೆ ಹರಕೆ ನಡೆಯುತ್ತಿದ್ದರೆ, ಅವರ ದೇವರ ಬಗ್ಗೆ ವಾದ ಮಾಡುತ್ತ ನಿಲ್ಲಬಾರದು. ಆಟೋ ತಂದು ನಿಲ್ಲಿಸಬೇಕು. ಜೊತೆಗೆ ಹೋಗಬೇಕು. ಚೀಟಿ ಮಾಡಿಸುವ ಸಾಲಿನಲ್ಲಿ ನಾವು ನಿಲ್ಲಬೇಕು.

ಸಾವಿತ್ರಿಬಾಯಿ ಮುಂಢ್ವಾ ಕೇರಿಯಲ್ಲಿ ಮಾಡಿದ್ದು ಇಷ್ಟೇ. ವಾದ ಗೆಲ್ಲುವುದಕ್ಕೆ ಅವರು ಅಲ್ಲಿಗೆ ಹೋಗಿರಲಿಲ್ಲ. ಮಗುವನ್ನು ಕರೆತರುವುದಕ್ಕೆ ಹೋಗಿದ್ದರು.

ಎಲ್ಲ ಮಕ್ಕಳೂ ನಿರೋಗಿಗಳಾಗಲಿ. ಭವತು ಸಬ್ಬ ಮಂಗಲಂ.

ಜೈ ಸಾವಿತ್ರಿ, ಜೈ ಭೀಮ್ 🙏
(ಎಳೆ ಮಕ್ಕಳಿರುವ ಮನೆಯವರಿಗೆ ತಪ್ಪದೆ ಕಳುಹಿಸಿ)