ರೊಬೆರ್ಟೊ ಕ್ಲೆಮೆಂಟೆ: ಕಡಲು ಹಿಂದಿರುಗಿಸದ ಆಟಗಾರ

1973ರ ಜನವರಿ 1ರ ಬೆಳಗ್ಗೆ ಪೋರ್ಟೊ ರಿಕೊ ದ್ವೀಪದಲ್ಲಿ ಯಾರಿಗೂ ಹೊಸ ವರ್ಷದ ಸಂಭ್ರಮ ಉಳಿದಿರಲಿಲ್ಲ. ರಾಜಧಾನಿ ಸಾನ್ ಹುವಾನ್‌ಗೆ ಸಮೀಪದ ಪಿನ್ಯೋನೆಸ್ ಕಡಲತೀರಕ್ಕೆ ಜನ ಗುಂಪು ಗುಂಪಾಗಿ ಬಂದು ಅಲೆಗಳತ್ತ ನೋಡುತ್ತ ನಿಂತಿದ್ದರು. ಹಿಂದಿನ ರಾತ್ರಿ ಅದೇ ಕಡಲಿಗೆ ಒಂದು ಸರಕು ವಿಮಾನ ಬಿದ್ದಿತ್ತು. ಅದರಲ್ಲಿದ್ದ ಐವರಲ್ಲಿ ಒಬ್ಬರು ರೊಬೆರ್ಟೊ ಕ್ಲೆಮೆಂಟೆ. ಬೇಸ್‌ಬಾಲ್ ಆಟದ ದಂತಕಥೆ, ವಯಸ್ಸು 38. ಅವರು ಈಜಿ ದಡ ಸೇರಿರಬಹುದು, ಎಲ್ಲೋ ಬದುಕಿರಬಹುದು ಎಂಬ ಆಸೆಯನ್ನು ಅಭಿಮಾನಿಗಳು ಹಲವು ದಿನ ಬಿಡಲಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಸಹ ಆಟಗಾರ ಮ್ಯಾನಿ ಸ್ಯಾಂಗಿಯೆನ್ ಮುಳುಗುಗಾರರ ಜೊತೆ ತಾವೂ ಕಡಲಿಗಿಳಿದು ಗೆಳೆಯನನ್ನು ಹುಡುಕಿದರು. ಇಡೀ ತಂಡ ಪಿಟ್ಸ್‌ಬರ್ಗ್‌ನಿಂದ ಬಂದು ಪ್ರಾರ್ಥನಾ ಸಭೆಯಲ್ಲಿ ಕುಳಿತಿದ್ದಾಗಲೂ ಸ್ಯಾಂಗಿಯೆನ್ ಅಲ್ಲಿರಲಿಲ್ಲ, ನೀರಿನಲ್ಲಿದ್ದರು. ಕ್ಲೆಮೆಂಟೆಯವರ ದೇಹ ಕೊನೆಗೂ ಸಿಗಲಿಲ್ಲ.

ಬೇಸ್‌ಬಾಲ್‌ನ ಗಂಧಗಾಳಿ ಇಲ್ಲದವರಿಗೂ ಈ ಆಟಗಾರನ ಬದುಕು ತಿಳಿಯಬೇಕಾದದ್ದು. ಕ್ಲೆಮೆಂಟೆ ಗಳಿಸಿದ ಅಂಕಿಗಳು ದೊಡ್ಡವು, ನಿಜ. ಅವಕ್ಕಿಂತ ದೊಡ್ಡದು, ತನ್ನನ್ನು ತನ್ನದೇ ಹೆಸರಿನಿಂದ, ತನ್ನದೇ ಭಾಷೆಯೊಡನೆ ಒಪ್ಪಿಕೊಳ್ಳಿ ಎಂದು ಅವರು 18 ವರ್ಷ ಪಟ್ಟ ಹಟ. ಬದುಕಿದ್ದಾಗ ಅದು ಅರ್ಧ ಮಾತ್ರ ಈಡೇರಿತು.

ರೊಬೆರ್ಟೊ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪೋರ್ಟೊ ರಿಕೊದ ಕರೋಲಿನಾ ಪಟ್ಟಣದ ಸಾನ್ ಆಂಟೋನ್ ಎಂಬಲ್ಲಿ. ಮನೆಯ ಮಕ್ಕಳಲ್ಲಿ ಕಿರಿಯವರು. ತಂದೆ ಮೆಲ್ಚೋರ್ ಕ್ಲೆಮೆಂಟೆ ಕಬ್ಬಿನ ಗದ್ದೆಗಳಲ್ಲಿ ಮೇಸ್ತ್ರಿ. ತಾಯಿ ಲೂಯಿಸಾ ವಾಕರ್. ಸ್ಪಾನಿಷ್ ಪದ್ಧತಿಯಂತೆ ಹೆಸರಿನ ಮುಂದೆ ಮೊದಲು ತಂದೆಯ ಕುಲನಾಮ, ಬಳಿಕ ತಾಯಿಯದು ಬರಬೇಕು. ಹೀಗಾಗಿ ಅವರ ಪೂರ್ಣ ಹೆಸರು ರೊಬೆರ್ಟೊ ಕ್ಲೆಮೆಂಟೆ ವಾಕರ್. ಈ ಹೆಸರಿನ ಕ್ರಮ ಮುಂದೆ ದೊಡ್ಡ ವಿಷಯವಾಗಲಿದೆ, ನೆನಪಿರಲಿ. ರೋಮನ್ ಲಿಪಿಯಲ್ಲಿ ಇದನ್ನು ಬರೆದರೆ 21 ಅಕ್ಷರಗಳಾಗುತ್ತವೆ. ಅವರು ಬೆನ್ನ ಮೇಲೆ ಹೊತ್ತ 21ರ ಅಂಕಿ ಬಂದದ್ದು ಅಲ್ಲಿಂದಲೇ ಎಂದು ಅಭಿಮಾನಿಗಳು ಹೇಳುತ್ತಾರೆ.

ಪೋರ್ಟೊ ರಿಕೊ ಅಮೆರಿಕದ ಅಧೀನದಲ್ಲಿರುವ ದ್ವೀಪ. ಅಲ್ಲಿನವರು 1917ರಿಂದ ಅಮೆರಿಕದ ಪ್ರಜೆಗಳು. ಆದರೆ ಹರೆಯದ ಕ್ಲೆಮೆಂಟೆ ಅಮೆರಿಕಕ್ಕೆ ಕಾಲಿಟ್ಟಾಗ ಅವರನ್ನು ಪ್ರಜೆಯೆಂದು ನೋಡಿದವರು ಕಡಿಮೆ. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ 10 ಸಾವಿರ ಡಾಲರ್ ಬೋನಸ್ ಕೊಟ್ಟು ಅವರನ್ನು ಸೇರಿಸಿಕೊಂಡಿತು. ಕೊಂಡದ್ದೇನೋ ಸರಿ, ಮಾಂಟ್ರಿಯಲ್‌ನ ಕೆಳಹಂತದ ತಂಡಕ್ಕೆ ಕಳುಹಿಸಿ ಹೆಚ್ಚಾಗಿ ಬೆಂಚಿನ ಮೇಲೆಯೇ ಕೂರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ನಡೆದ ಆಟಗಾರರ ಆಯ್ಕೆಯಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಎತ್ತಿಕೊಂಡಿತು. ಆಗ ಪೈರೇಟ್ಸ್ ಸೋಲುವುದಕ್ಕೇ ಹೆಸರಾದ ತಂಡ. 1955ರಲ್ಲಿ ಅದರ ಅಂಗಿ ತೊಟ್ಟ ಕ್ಲೆಮೆಂಟೆ ಸಾಯುವತನಕ ಬೇರೆ ತಂಡದ ಅಂಗಿ ತೊಡಲಿಲ್ಲ.

ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ನಗರ. ಅಲ್ಲಿ ಸ್ಪಾನಿಷ್ ಮಾತನಾಡುವವರು ಬೆರಳೆಣಿಕೆಯಷ್ಟು. ಕ್ಲೆಮೆಂಟೆ ಕಪ್ಪು ವರ್ಣದವರು, ಜೊತೆಗೆ ಪರಭಾಷಿಕರು. ಎರಡೂ ಕಡೆಯಿಂದ ಅವರಿಗೆ ಪೆಟ್ಟು ಬಿತ್ತು. ಪತ್ರಿಕೆಗಳ ಕ್ರೀಡಾ ವರದಿಗಾರರು ಅವರ ಇಂಗ್ಲಿಷನ್ನು ಉಚ್ಚಾರದ ದೋಷಗಳ ಸಮೇತ ಅಕ್ಷರಕ್ಕಿಳಿಸಿ ಓದುಗರನ್ನು ನಗಿಸುತ್ತಿದ್ದರು. ಆ ವರದಿಗಾರರಲ್ಲಿ ಹೆಚ್ಚಿನವರಿಗೆ ಸ್ಪಾನಿಷ್‌ನ ಒಂದು ವಾಕ್ಯವೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಆಟಗಾರರ ಚಿತ್ರವಿರುವ ಸಂಗ್ರಹ ಕಾರ್ಡುಗಳ ಮೇಲೆ ಅವರ ಹೆಸರನ್ನು ಬಾಬ್ ಎಂದು ಅಚ್ಚು ಹಾಕಲಾಯಿತು. ತನ್ನ ಹೆಸರು ರೊಬೆರ್ಟೊ ಎಂದು ಅವರು ತಿದ್ದುತ್ತಲೇ ಇದ್ದರು, ಬಾಬ್ ಮಾತ್ರ ವರ್ಷಗಟ್ಟಲೆ ಹೋಗಲಿಲ್ಲ. 1954ರ ಕೊನೆಯಲ್ಲಿ ಕುಡಿದ ಚಾಲಕನೊಬ್ಬ ಅವರ ಕಾರಿಗೆ ಗುದ್ದಿದ್ದರಿಂದ ಶುರುವಾದ ಬೆನ್ನುನೋವು ಜೀವನಪರ್ಯಂತ ಕಾಡಿತು. ನೋವೆಂದರೆ ನೆಪ ಹೇಳುವ ಸೋಮಾರಿ ಎಂಬ ಹಣೆಪಟ್ಟಿ ಸಿಕ್ಕಿತು.

ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನ ವಸಂತಕಾಲದ ತರಬೇತಿ ಇನ್ನೊಂದು ಬಗೆಯ ಪಾಠ. ವರ್ಣಭೇದ ಕಾನೂನಾಗಿದ್ದ ಊರದು. ಬಿಳಿಯ ಆಟಗಾರರಿಗೆ ಹೋಟೆಲ್, ಕಪ್ಪು ಆಟಗಾರರಿಗೆ ಊರಿನ ಇನ್ನೊಂದು ಬದಿಯ ಮನೆಗಳು. ಪ್ರಯಾಣದ ನಡುವೆ ಊಟಕ್ಕೆ ಬಸ್ಸು ನಿಂತರೆ ಬಿಳಿಯರು ಒಳಗೆ ಹೋಗಿ ಉಣ್ಣುತ್ತಿದ್ದರು, ಉಳಿದವರು ಬಸ್ಸಿನಲ್ಲೇ ಕಾಯಬೇಕಿತ್ತು. ದ್ವೀಪದ ಹಳ್ಳಿಯಲ್ಲಿ ಇಂಥದ್ದನ್ನು ಕಂಡರಿಯದ ಕ್ಲೆಮೆಂಟೆ ಇದನ್ನು ಸಹಿಸಲಿಲ್ಲ. ಬಸ್ಸಿನ ಈ ಕಾಯುವಿಕೆ ತಪ್ಪಲೆಂದು ಪ್ರತ್ಯೇಕ ವಾಹನ ಕೊಡುವಂತೆ ಆಡಳಿತದ ಮೇಲೆ ಒತ್ತಡ ತಂದರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ, ಅಂತ್ಯಸಂಸ್ಕಾರ ಮುಗಿಯುವತನಕ ಆಡುವುದಿಲ್ಲ ಎಂದು ಪೈರೇಟ್ಸ್ ಆಟಗಾರರು ಪಟ್ಟು ಹಿಡಿದು ಋತುವಿನ ಆರಂಭವನ್ನೇ ಮುಂದೂಡಿಸಿದರು. ಅವರ ಮುಂಚೂಣಿಯಲ್ಲಿ ಕ್ಲೆಮೆಂಟೆ ಇದ್ದರು.

ಅವರ ಆಟ ನೋಡಿದವರಿಗೆ ಮರೆಯಲಾಗದ ಚಿತ್ರಗಳು ಹಲವು. ಬ್ಯಾಟು ಹಿಡಿದು ನಿಲ್ಲುವ ಮುನ್ನ ಕುತ್ತಿಗೆಯನ್ನು ಆಚೆ ಈಚೆ ಹೊರಳಿಸುವ ರೀತಿ, ಬೇರೆಯವರು ಬಿಟ್ಟುಬಿಡುವ ಅಡ್ಡಾದಿಡ್ಡಿ ಎಸೆತವನ್ನೂ ಎಟುಕಿ ಬಾರಿಸುವ ಧೈರ್ಯ, ಬೇಸ್‌ನಿಂದ ಬೇಸ್‌ಗೆ ಜೀವ ಕೈಯಲ್ಲಿ ಹಿಡಿದಂತೆ ಓಡುವ ಓಟ. ಎಲ್ಲಕ್ಕಿಂತ ಮಿಗಿಲಾದದ್ದು ಅವರ ಬಲಗೈ. ಮೈದಾನದ ಬಲ ಅಂಚಿನಲ್ಲಿ ಕ್ಷೇತ್ರರಕ್ಷಣೆ ಮಾಡುತ್ತಿದ್ದ ಅವರು ಗೋಡೆಯ ಬುಡದಿಂದ ಎಸೆದ ಚೆಂಡು ನೇರ ಬೇಸ್ ಕಾಯುವವನ ಕೈಗೇ ಬಂದು ಬೀಳುತ್ತಿತ್ತು. ಕ್ರಿಕೆಟ್ ನೋಡುವವರು ಬೌಂಡರಿ ಗೆರೆಯಿಂದ ಬಂದು ವಿಕೆಟ್ ಉರುಳಿಸುವ ಎಸೆತವನ್ನು ನೆನೆದುಕೊಂಡರೆ ಅದರ ಅಂದಾಜು ಸಿಗಬಹುದು. ಶ್ರೇಷ್ಠ ಕ್ಷೇತ್ರರಕ್ಷಕರಿಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ 1961ರಿಂದ 1972ರವರೆಗೆ ಸತತ 12 ವರ್ಷ ಅವರದಾಯಿತು.

1956ರ ಜುಲೈ 25ರ ಘಟನೆಯೊಂದನ್ನು ಹಳೆಯ ಅಭಿಮಾನಿಗಳು ಇಂದಿಗೂ ಬಣ್ಣಿಸುತ್ತಾರೆ. ಷಿಕಾಗೊ ಕಬ್ಸ್ ವಿರುದ್ಧದ ಪಂದ್ಯದ ಕೊನೆಯ ಸರದಿ, ಪೈರೇಟ್ಸ್ 5-8ರಿಂದ ಹಿಂದೆ, ಮೂರೂ ಬೇಸ್‌ಗಳಲ್ಲಿ ಓಟಗಾರರು. ಕ್ಲೆಮೆಂಟೆ ಬಾರಿಸಿದ ಚೆಂಡು ಮೈದಾನದೊಳಗೇ ಉಳಿಯಿತು. ಮೂರನೇ ಬೇಸ್‌ನ ಬಳಿ ನಿಂತಿದ್ದ ತಂಡದ ವ್ಯವಸ್ಥಾಪಕರು ಅಲ್ಲಿಯೇ ನಿಲ್ಲುವಂತೆ ಕೈ ಎತ್ತಿದರು. ಕ್ಲೆಮೆಂಟೆ ಆ ಸನ್ನೆಯನ್ನು ಲೆಕ್ಕಿಸದೆ ಓಡಿ ಬಂದು ನೆಲಕ್ಕೆ ಜಾರಿ ಗೆಲುವಿನ ರನ್ ಗಳಿಸಿದರು. ಫಲಿತಾಂಶ 9-8.

1960ರಲ್ಲಿ ಪೈರೇಟ್ಸ್ ಬಲಾಢ್ಯ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಮಣಿಸಿ ವಿಶ್ವ ಸರಣಿ ಗೆದ್ದಿತು. ಏಳು ಪಂದ್ಯಗಳಲ್ಲೂ ಕ್ಲೆಮೆಂಟೆ ಹಿಟ್ ಗಳಿಸಿದ್ದರು. ಕ್ಷೇತ್ರರಕ್ಷಕರ ತಪ್ಪಿನ ನೆರವಿಲ್ಲದೆ ಚೆಂಡು ಬಾರಿಸಿ ಸುರಕ್ಷಿತವಾಗಿ ಬೇಸ್ ತಲುಪಿದರೆ ಅದು ಹಿಟ್. ಆದರೂ ಆ ವರ್ಷದ ಅತ್ಯಮೂಲ್ಯ ಆಟಗಾರನ ಆಯ್ಕೆಗೆ ಪತ್ರಕರ್ತರು ಮತ ಹಾಕಿದಾಗ ಅವರಿಗೆ ಸಿಕ್ಕಿದ್ದು ಎಂಟನೇ ಸ್ಥಾನ. ಆ ಗಾಯ ಮಾಯಲಿಲ್ಲ. ಉತ್ತರವನ್ನು ಅವರು ಬ್ಯಾಟಿನಿಂದ ಕೊಟ್ಟರು. 1961, 1964, 1965 ಮತ್ತು 1967ರಲ್ಲಿ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟ ಅವರದಾಯಿತು. 1966ರಲ್ಲಿ ಕೊನೆಗೂ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು.

ಪತ್ರಕರ್ತರಿಗಿಂತ ಮೊದಲು ಪ್ರೇಕ್ಷಕರು ಒಲಿದರು. ರೇಡಿಯೊ ವೀಕ್ಷಕ ವಿವರಣೆಗಾರ ಬಾಬ್ ಪ್ರಿನ್ಸ್ ಹೇಳಿಕೊಟ್ಟ ಅರ್ರೀಬಾ ಎಂಬ ಸ್ಪಾನಿಷ್ ಜಯಕಾರವನ್ನು ಉಕ್ಕಿನ ಕಾರ್ಮಿಕರು ಗಂಟಲು ಹರಿಯುವಂತೆ ಕೂಗತೊಡಗಿದರು. ಮೇಲೇಳು ಎಂಬಂಥ ಅರ್ಥದ ಪದವದು. 1970ರ ಜುಲೈ 24ರಂದು ಪಿಟ್ಸ್‌ಬರ್ಗ್‌ನ ಹೊಸ ಕ್ರೀಡಾಂಗಣದಲ್ಲಿ ಅವರ ಸನ್ಮಾನ ನಡೆದಾಗ ಪೋರ್ಟೊ ರಿಕೊದಿಂದ 3 ಲಕ್ಷ ಸಹಿಗಳಿದ್ದ ಸುರುಳಿಯೊಂದು ಬಂದಿತ್ತು. ತಮ್ಮ ಗೌರವಾರ್ಥ ಬರುವ ಹಣವನ್ನು ನಗರದ ಮಕ್ಕಳ ಆಸ್ಪತ್ರೆಗೆ ಕೊಡುವಂತೆ ಅವರು ಕೇಳಿಕೊಂಡಿದ್ದರು.

1971ರ ಸೆಪ್ಟೆಂಬರ್ 1ರಂದು ಪೈರೇಟ್ಸ್ ಕಣಕ್ಕಿಳಿಸಿದ ಒಂಬತ್ತೂ ಆಟಗಾರರು ಕಪ್ಪು ವರ್ಣದವರು ಅಥವಾ ಲ್ಯಾಟಿನ್ ಮೂಲದವರಾಗಿದ್ದರು. ಪ್ರಮುಖ ಲೀಗ್‌ನ ಚರಿತ್ರೆಯಲ್ಲಿ ಅದೇ ಮೊದಲು. ಅದರಲ್ಲಿ ಕ್ಲೆಮೆಂಟೆಯೂ ಇದ್ದರು. ಮರುತಿಂಗಳು ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧದ ವಿಶ್ವ ಸರಣಿಯನ್ನು 37 ವರ್ಷದ ಅವರು ಬಹುಮಟ್ಟಿಗೆ ತಮ್ಮದಾಗಿಸಿಕೊಂಡರು. ಏಳು ಪಂದ್ಯಗಳಲ್ಲಿ 12 ಹಿಟ್, ಸರಾಸರಿ .414. 2-1ರಿಂದ ಗೆದ್ದ ಕೊನೆಯ ಪಂದ್ಯದಲ್ಲಿ ಒಂದು ಹೋಮ್ ರನ್. ಸರಣಿ ಶ್ರೇಷ್ಠರೂ ಅವರೇ. ಗೆಲುವಿನ ಬಳಿಕ ಟಿವಿ ಕ್ಯಾಮೆರಾ ಮುಖಕ್ಕೆ ಹಿಡಿದಾಗ, ಇಂಗ್ಲಿಷ್‌ಗೆ ಮೊದಲು ಸ್ಪಾನಿಷ್‌ನಲ್ಲಿ ಮಾತನಾಡಲು ಅನುಮತಿ ಕೋರಿ, ಊರಿನಲ್ಲಿದ್ದ ತಂದೆತಾಯಿಯ ಆಶೀರ್ವಾದ ಬೇಡಿದರು. ಅಮೆರಿಕದ ಮನೆಮನೆಗಳಲ್ಲಿ ಅದು ಕೇಳಿಸಿತು. ಸ್ಪಾನಿಷ್ ಆಡುವ ಜನರಿಗೆ ಆ ಎರಡು ವಾಕ್ಯಗಳು ಹೋಮ್ ರನ್‌ಗಿಂತ ಹೆಚ್ಚಿನವಾಗಿದ್ದವು.

1972ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಮೆಟ್ಸ್‌ನ ಜಾನ್ ಮ್ಯಾಟ್ಲಾಕ್ ಎಸೆತದಲ್ಲಿ ಅವರ 3,000ನೇ ಹಿಟ್ ಬಂತು. ಆ ಗಡಿ ಮುಟ್ಟಿದವರಲ್ಲಿ ಅವರು ಹನ್ನೊಂದನೆಯವರು. ಈ ಚರಿತ್ರೆ ನೋಡಲು ಕ್ರೀಡಾಂಗಣದಲ್ಲಿದ್ದವರು 13 ಸಾವಿರದಷ್ಟು ಮಂದಿ ಮಾತ್ರ. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯ ಹಿಟ್ ಆಗುತ್ತದೆಂದು ಯಾರಿಗೆ ಗೊತ್ತಿತ್ತು? ಅಂಕಿಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸರಿಯಾಗಿ 3,000 ಎಂದೇ ಉಳಿದಿದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಆ ವರ್ಷದ ಕೊನೆಯಲ್ಲಿ ಪೋರ್ಟೊ ರಿಕೊದ ಹವ್ಯಾಸಿ ತಂಡವನ್ನು ಕರೆದುಕೊಂಡು ಕ್ಲೆಮೆಂಟೆ ನಿಕಾರಾಗುವಾಕ್ಕೆ ಹೋಗಿದ್ದರು. ಅಲ್ಲಿ ಕಾಲು ಕಳೆದುಕೊಂಡಿದ್ದ ಬಾಲಕನೊಬ್ಬನಿಗೆ ಕೃತಕ ಕಾಲು ಕೊಡಿಸುವ ಏರ್ಪಾಡು ಮಾಡಿ ಬಂದಿದ್ದರು. ಡಿಸೆಂಬರ್ 23ರಂದು ಭೂಕಂಪ ರಾಜಧಾನಿ ಮನಾಗುವಾವನ್ನು ನೆಲಸಮ ಮಾಡಿತು. ಸತ್ತವರು ಸಾವಿರಾರು. ಕ್ಲೆಮೆಂಟೆ ಕ್ರಿಸ್‌ಮಸ್ ಮರೆತು, ಸಾನ್ ಹುವಾನ್‌ನ ಹಿರಾಮ್ ಬಿಥೋರ್ನ್ ಕ್ರೀಡಾಂಗಣದಲ್ಲಿ ನಿಂತು ಆಹಾರ, ಬಟ್ಟೆ, ಔಷಧ ಸಂಗ್ರಹಿಸಿದರು. ಕಳುಹಿಸಿದ ನೆರವನ್ನು ಸರ್ವಾಧಿಕಾರಿ ಸೊಮೊಜಾನ ಸೈನಿಕರು ನಡುವೆಯೇ ಕಬಳಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ತಾವೇ ಜೊತೆಗಿದ್ದರೆ ಅದಕ್ಕೆ ಯಾರೂ ಕೈ ಹಾಕಲಾರರು ಎಂದು ಭಾವಿಸಿ ಅವರು ಹೊರಟರು. ಬಾಡಿಗೆಗೆ ಸಿಕ್ಕ ಹಳೆಯ ಡಿಸಿ-7 ವಿಮಾನ ಅದೇ ತಿಂಗಳು ಅಪಘಾತಕ್ಕೀಡಾಗಿತ್ತು. ಮಿತಿಗಿಂತ ಸುಮಾರು 1,900 ಕಿಲೋ ಹೆಚ್ಚು ಭಾರ ಹೊತ್ತಿತ್ತು. ಡಿಸೆಂಬರ್ 31ರ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ನೆಲ ಬಿಟ್ಟ ಅದು ಕೆಲವೇ ನಿಮಿಷಗಳಲ್ಲಿ ಕಡಲಿಗೆ ಬಿತ್ತು. ಮನೆಯಲ್ಲಿ ಪತ್ನಿ ವೆರಾ ಮತ್ತು ಮೂವರು ಪುಟ್ಟ ಗಂಡುಮಕ್ಕಳಿದ್ದರು. ಸುರಕ್ಷಿತವಲ್ಲದ ವಿಮಾನವನ್ನು ಹಾರಲು ಬಿಟ್ಟದ್ದಕ್ಕಾಗಿ ಅಮೆರಿಕ ಸರ್ಕಾರದ ವಿರುದ್ಧ ಮೃತರ ಕುಟುಂಬಗಳು ಹೂಡಿದ ದಾವೆ ಕೆಳ ನ್ಯಾಯಾಲಯದಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಬಿದ್ದುಹೋಯಿತು.

ಪೋರ್ಟೊ ರಿಕೊ ಮೂರು ದಿನ ಶೋಕ ಆಚರಿಸಿತು. ಪಿಟ್ಸ್‌ಬರ್ಗ್‌ನಲ್ಲಿ, ನಗರದೆದುರಿನ ಮೌಂಟ್ ವಾಷಿಂಗ್ಟನ್ ಗುಡ್ಡದ ದೀಪದ ಜಾಹೀರಾತು ಫಲಕದಲ್ಲಿ ಗೆಳೆಯ ರೊಬೆರ್ಟೊಗೆ ಸ್ಪಾನಿಷ್‌ನಲ್ಲಿ ವಿದಾಯ ಬೆಳಗಿತು. ಅವರ ಇಂಗ್ಲಿಷನ್ನು ಗೇಲಿ ಮಾಡಿದ್ದ ಊರದು.

ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆಯುವ ಮುನ್ನ ಕೀರ್ತಿಭವನಕ್ಕೆ ಆರಿಸುವಂತಿಲ್ಲ ಎಂಬ ನಿಯಮವನ್ನು ಅವರಿಗಾಗಿ ಬದಿಗಿಡಲಾಯಿತು. 1973ರ ಮಾರ್ಚ್‌ನಲ್ಲಿ ನಡೆದ ವಿಶೇಷ ಮತದಾನದಲ್ಲಿ 424ರಲ್ಲಿ 393 ಮತ ಪಡೆದು, ಕೀರ್ತಿಭವನ ಸೇರಿದ ಮೊದಲ ಲ್ಯಾಟಿನ್ ಅಮೆರಿಕನ್ ಆಟಗಾರ ಎನಿಸಿದರು. ಆದರೆ ಅಲ್ಲಿನ ಕಂಚಿನ ಫಲಕದಲ್ಲಿ ರೊಬೆರ್ಟೊ ವಾಕರ್ ಕ್ಲೆಮೆಂಟೆ ಎಂದು ಕೆತ್ತಿದರು. ತಾಯಿಯ ಹೆಸರು ನಡುವೆ ಸೇರಿ ಅಮೆರಿಕದ ಪದ್ಧತಿಗೆ ಒಗ್ಗಿಹೋಯಿತು. ಈ ತಪ್ಪು ತಿದ್ದಿ ಹೊಸ ಫಲಕ ಬರಲು 2000ದವರೆಗೆ ಕಾಯಬೇಕಾಯಿತು.

ಸಮಾಜಸೇವೆ ಮಾಡುವ ಆಟಗಾರನಿಗೆ ಪ್ರತಿವರ್ಷ ಅವರ ಹೆಸರಿನ ಪ್ರಶಸ್ತಿ ಸಲ್ಲುತ್ತದೆ. ಪಿಟ್ಸ್‌ಬರ್ಗ್‌ನ ಸೇತುವೆಯೊಂದಕ್ಕೆ ಅವರ ಹೆಸರಿದೆ, 2001ರಲ್ಲಿ ಆರಂಭವಾದ ಕ್ರೀಡಾಂಗಣದಲ್ಲಿ ಅವರು ಕಾಯುತ್ತಿದ್ದ ಬಲ ಅಂಚಿನ ಗೋಡೆಯ ಎತ್ತರ 21 ಅಡಿ. ಅವರ ಅತಿದೊಡ್ಡ ಕನಸಾಗಿದ್ದ, ಬಡ ಮಕ್ಕಳಿಗಾಗಿ ಕರೋಲಿನಾದಲ್ಲಿ ಕಟ್ಟಿದ ಕ್ರೀಡಾನಗರಿಯ ಕಥೆ ಮಾತ್ರ ಹೀಗಿಲ್ಲ. ವೆರಾ ದಶಕಗಳ ಕಾಲ ಅದಕ್ಕಾಗಿ ಹೆಣಗಿದರು. ಅಲ್ಲಿಂದ ಹಲವು ಆಟಗಾರರು ಹೊರಬಂದರೂ ಕೊನೆಗೆ ಅದು ಪಾಳುಬಿದ್ದಿತು. ವೆರಾ 2019ರಲ್ಲಿ ತೀರಿಕೊಂಡರು.

21ರ ಅಂಕಿಯನ್ನು ಪೈರೇಟ್ಸ್ 1973ರಲ್ಲೇ ನಿವೃತ್ತಗೊಳಿಸಿತು. ಜಾಕಿ ರಾಬಿನ್‌ಸನ್ ಅವರ 42ರಂತೆ ಇದನ್ನೂ ಎಲ್ಲ ತಂಡಗಳೂ ಬಿಟ್ಟುಕೊಡಬೇಕೆಂಬುದು ಅಭಿಮಾನಿಗಳ ಹಳೆಯ ಬೇಡಿಕೆ. ರಾಬಿನ್‌ಸನ್ ಅವರ ಪುತ್ರಿಯೇ 2006ರಲ್ಲಿ ಇದಕ್ಕೆ ಒಪ್ಪಲಿಲ್ಲ, ಆ ಗೌರವ ತಂದೆಯೊಬ್ಬರಿಗೇ ಇರಲಿ ಎಂಬುದು ಅವರ ನಿಲುವಾಗಿತ್ತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. 2020ರ ಸೆಪ್ಟೆಂಬರ್ 9ರಂದು ಪೈರೇಟ್ಸ್‌ನ ಎಲ್ಲ ಆಟಗಾರರೂ 21ರ ಅಂಗಿ ತೊಟ್ಟು ಪಿಟ್ಸ್‌ಬರ್ಗ್‌ನಲ್ಲಿ ಆಡಿದರು. ಕೋವಿಡ್ ಕಾರಣ ಅಂದು ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಅರ್ರೀಬಾ ಎಂದು ಕೂಗುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಅದನ್ನು ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಬೇಕಾಯಿತು.