ಆದಿಯ ಬೆಳಕನ್ನು ಅರಸಿದ ಪಾದ್ರಿ

ವಿಶ್ವಕ್ಕೊಂದು ಆರಂಭವಿತ್ತು ಎಂಬ ವಿಚಾರವನ್ನು ಭೌತವಿಜ್ಞಾನಕ್ಕೆ ತಂದವರು ಒಬ್ಬ ಕ್ಯಾಥೊಲಿಕ್ ಪಾದ್ರಿ. ಬೆಲ್ಜಿಯಂನಲ್ಲಿ 1894ರಲ್ಲಿ ಜನಿಸಿದ ಜಾರ್ಜ್ ಲೆಮೇತ್ರ್, ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, 1923ರಲ್ಲಿ ಗುರುದೀಕ್ಷೆ ಪಡೆದರು. ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್ ಬಳಿ ಅಧ್ಯಯನ ಮಾಡಿ ಲೂವೆನ್‌ನಲ್ಲಿ ಪ್ರಾಧ್ಯಾಪಕರಾದರು.

ವಿಶ್ವ ಹಿಗ್ಗುತ್ತಿದೆಯೆಂದು ಅವರು 1927ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಇದು ಹಬಲ್‌ರ ಪ್ರಸಿದ್ಧ ಪ್ರಬಂಧಕ್ಕಿಂತ ಎರಡು ವರ್ಷ ಮೊದಲು. ಫ್ರೆಂಚ್ ಭಾಷೆಯಲ್ಲಿದ್ದ ಆ ಬರಹವನ್ನು ಗಮನಿಸಿದವರು ವಿರಳ. ಐನ್‌ಸ್ಟೀನ್ ಗಣಿತವನ್ನು ಮೆಚ್ಚಿದರೂ ಹಿಗ್ಗುವ ವಿಶ್ವವನ್ನು ಆಗ ಒಪ್ಪಲಿಲ್ಲ. 1931ರಲ್ಲಿ ಲೆಮೇತ್ರ್ ಮತ್ತೂ ಮುಂದುವರಿದು, ಇಡೀ ವಿಶ್ವ ಒಂದೇ ಆದಿಮ ಪರಮಾಣುವಿನಿಂದ ಹೊಮ್ಮಿತೆಂದು ಪ್ರತಿಪಾದಿಸಿದರು. ಹಾಗಿದ್ದರೆ ಅದರ ಅವಶೇಷ ಎಲ್ಲಾದರೂ ಉಳಿದಿರಬೇಕಷ್ಟೆ. ಅದನ್ನು ಅವರು ವಿಶ್ವಕಿರಣಗಳಲ್ಲಿ ಹುಡುಕಿದರು. ಅಲ್ಲಿ ಅದು ಇರಲಿಲ್ಲ.

ಪೋಪ್ 12ನೇ ಪಯಸ್ 1951ರಲ್ಲಿ ಈ ಹೊಸ ವಿಜ್ಞಾನವನ್ನು ದೈವಸೃಷ್ಟಿಗೆ ಆಧಾರವೆಂಬಂತೆ ಬಳಸಿಕೊಂಡಾಗ ಸಂತೋಷಪಡಬಹುದಾಗಿದ್ದ ಪಾದ್ರಿಗೇ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತದ ಅಳಿವು ಉಳಿವು ವೀಕ್ಷಣೆಯಿಂದಲೇ ನಿರ್ಧಾರವಾಗಬೇಕು ಎಂಬುದು ಅವರ ನಿಲುವು.

ಆ ಸಾಕ್ಷ್ಯ ದೊರೆತದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾ 1964ರಲ್ಲಿ ಎಲ್ಲ ದಿಕ್ಕುಗಳಿಂದಲೂ ಒಂದೇ ಸಮನಾದ ಸದ್ದನ್ನು ಗ್ರಹಿಸಿತು. ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟ ಬೆಳಕು, ವಿಶ್ವ ಹಿಗ್ಗಿದಂತೆಲ್ಲ ತಣಿದು, 2.7 ಕೆಲ್ವಿನ್ ಉಷ್ಣತೆಯ ಸೂಕ್ಷ್ಮತರಂಗವಾಗಿ ಬರುತ್ತಿತ್ತು. ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ಮರುವರ್ಷ ಜೂನ್‌ನಲ್ಲಿ, ಆಸ್ಪತ್ರೆಯಲ್ಲಿದ್ದ ಲೆಮೇತ್ರ್‌ಗೆ ಸಹೋದ್ಯೋಗಿ ಗೊದಾರ್ ಈ ಸುದ್ದಿ ತಿಳಿಸಿದರು. ಕೆಲವೇ ದಿನಗಳಲ್ಲಿ, 1966ರ ಜೂನ್ 20ರಂದು, ಲೆಮೇತ್ರ್ ನಿಧನರಾದರು.